ಹೇಳದೆ ಕೇಳದೆ ಕೆಲಸ ಬಿಟ್ಟರೆ: ಕಾನೂನು ಕೇಳೋದು ದುಡ್ಡು, ಮುಂದಿನ ಕಂಪನಿ ಕೇಳೋದು ಕಾಗದ

2025ರಲ್ಲಿ ಕೆಲಸ ಬಿಡುವವರಿಗೆ ಸಂಬಂಧಪಟ್ಟ ಎರಡು ಸುದ್ದಿ ಬಂದವು. ಮೇ 14ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಅಧಿಕಾರಿಯಿಂದ ವಿಜಯಾ ಬ್ಯಾಂಕ್ 2 ಲಕ್ಷ ರೂಪಾಯಿ ಪಡೆದದ್ದು ತಪ್ಪಲ್ಲ. ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುವುದು ಅವುಗಳಲ್ಲಿರುವ ಒಂದು ನಿಯಮ.

ಮೊದಲ ಸುದ್ದಿ ಓದಿ 'ನೋಟಿಸ್ ಕೊಡದೆ ಬಿಟ್ಟರೆ 2 ಲಕ್ಷ ದಂಡ' ಅಂದುಕೊಂಡವರಿದ್ದಾರೆ. ಎರಡನೆಯದನ್ನು ಓದಿ 'ಇನ್ನು ನೋಟಿಸ್ ಪೀರಿಯಡ್ ಕಾಟ ತಪ್ಪಿತು, ಎರಡೇ ದಿನದಲ್ಲಿ ಎಲ್ಲ ಚುಕ್ತಾ' ಅಂದುಕೊಂಡವರೂ ಇದ್ದಾರೆ. ಎರಡೂ ತಪ್ಪು. ಆ ತೀರ್ಪು ನೋಟಿಸ್ ಬಗ್ಗೆ ಅಲ್ಲವೇ ಅಲ್ಲ. ಆ ಎರಡು ದಿನದ ಗಡುವು ಸಂಬಳಕ್ಕೆ ಮಾತ್ರ. ಹಾಗಾದರೆ ಇವತ್ತು ಪೇಪರ್ (ರಾಜೀನಾಮೆ) ಹಾಕಿ ನಾಳೆಯಿಂದ ಹೋಗದಿದ್ದರೆ ಏನಾಗುತ್ತದೆ? ಪೇಪರೂ ಹಾಕದೆ ಸುಮ್ನೆ ಹೋಗುವುದನ್ನೇ ನಿಲ್ಲಿಸಿದರೆ? ಮುಂದಿನ ಕೆಲಸಕ್ಕೆ ಪೆಟ್ಟು ಬೀಳುವುದು ಎಲ್ಲಿ?

## ಜೈಲಿಗೆ ಹಾಕುತ್ತಿದ್ದ ಕಾಲ

ಮೊದಲು ಒಂದು ಭಯ ಪಕ್ಕಕ್ಕಿಡೋಣ. ಖಾಸಗಿ ಕೆಲಸವನ್ನು ಹೇಳದೆ ಬಿಡುವುದು ಅಪರಾಧವಲ್ಲ. ಕಂಪನಿಯ ಲ್ಯಾಪ್‌ಟಾಪ್, ಹಣ, ದಾಖಲೆ ಹಿಡಿದುಕೊಂಡು ಹೋಗದ ಹೊರತು ಪೊಲೀಸರಿಗೆ ಇಲ್ಲಿ ಕೆಲಸವಿಲ್ಲ.

ಅಪರಾಧವಾಗಿದ್ದ ಕಾಲವೂ ಇತ್ತು. ಬ್ರಿಟಿಷರು 1859ರಲ್ಲಿ ತಂದ ಕಾಯ್ದೆಯೊಂದರ ಪ್ರಕಾರ, ಮುಂಗಡ ಹಣ ಪಡೆದ ಕೂಲಿಯಾಳೋ ಕಸುಬುದಾರನೋ ಅರ್ಧಕ್ಕೆ ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದಿತ್ತು. ದುಡ್ಡು ವಾಪಸ್ ಕೊಡು, ಇಲ್ಲವೇ ಕೆಲಸ ಮುಗಿಸು ಎಂಬ ಆದೇಶ ಬರುತ್ತಿತ್ತು. ಕೆಲಸ ಮುಗಿಸೆಂಬ ಆದೇಶ ಮೀರಿದರೆ ಮೂರು ತಿಂಗಳವರೆಗೆ ಜೈಲು. ಆ ಕಾಯ್ದೆ 1925ರಲ್ಲಿ ರದ್ದಾಯಿತು. ಅದೇ ಜಾತಿಯ ಒಂದು ಸಣ್ಣ ಕಲಂ ಮಾತ್ರ ಇವತ್ತಿಗೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿದೆ, 357ನೆಯದು. ಕಾಯಿಲೆಯಿಂದಲೋ ಎಳೆ ವಯಸ್ಸಿನಿಂದಲೋ ತಮ್ಮನ್ನು ತಾವು ನೋಡಿಕೊಳ್ಳಲಾಗದವರ ಆರೈಕೆಗೆ ಕರಾರು ಮಾಡಿಕೊಂಡು, ಬೇಕೆಂದೇ ಕೈಬಿಟ್ಟವರಿಗೆ ಅದು ಅನ್ವಯಿಸುತ್ತದೆ. ಆಫೀಸು, ಅಂಗಡಿ, ಫ್ಯಾಕ್ಟರಿಗೆ ಅದರ ಸಂಬಂಧವಿಲ್ಲ.

ಉಳಿದವರ ವಿಷಯದಲ್ಲಿ ಕಾನೂನಿನ ನಿಲುವು ಸರಳ. ಇಷ್ಟವಿಲ್ಲದವರನ್ನು ಕೂರಿಸಿ ಕೆಲಸ ಮಾಡಿಸಲು ಕೋರ್ಟಿಗೂ ಆಗದು. ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಸೆಕ್ಷನ್ ಇಂಥ ಕರಾರನ್ನು ಬಲವಂತವಾಗಿ ಜಾರಿ ಮಾಡಲು ಬಿಡುವುದಿಲ್ಲ. ಕರಾರು ಮುರಿದರೆ ನಷ್ಟ ಕೇಳಬಹುದು, ಅಷ್ಟೆ. ಅದೂ 1872ರ ಕರಾರು ಕಾಯ್ದೆಯ ಮಿತಿಯೊಳಗೆ. ಅದರ 74ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಸಿಗುವುದು 'ನ್ಯಾಯವಾದ' ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ.

ಅಂದ ಹಾಗೆ, ಹೇಳದೆ ಹೋದವರಿಗೆ ಎಚ್‌ಆರ್‌ಗಳು ಬಳಸುವ 'ಅಬ್‌ಸ್ಕಾಂಡಿಂಗ್' ಎಂಬ ಪದ ಪೊಲೀಸ್ ಠಾಣೆಯಿಂದ ಬಂದದ್ದು. ಅಲ್ಲಿ ಅದರರ್ಥ ತಲೆಮರೆಸಿಕೊಂಡ ಆರೋಪಿ. ಆಫೀಸಿನಲ್ಲಿ ಅದಕ್ಕೆ ಆ ತೂಕವಿಲ್ಲ. ಆದರೆ ಮೇಲ್‌ನಲ್ಲಿ ಆ ಪದ ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಬಳಸುವವರಿಗೂ ಅದು ಗೊತ್ತು.

## ಬಾಂಡ್ ಬೇರೆ, ನೋಟಿಸ್ ಬೇರೆ

ನೋಟಿಸ್ ಎಂದರೆ ಇಷ್ಟು ದಿನ ಮೊದಲೇ ಹೇಳಿ ಹೋಗಬೇಕು ಎಂಬ ಷರತ್ತು. ಬಾಂಡ್ ಎಂದರೆ ಇಷ್ಟು ವರ್ಷ ಇರಲೇಬೇಕು, ಇಲ್ಲದಿದ್ದರೆ ಇಷ್ಟು ದುಡ್ಡು ಕೊಡಬೇಕು ಎಂಬ ಷರತ್ತು. ಬಾಂಡ್ ಇದ್ದವರು ಮೂರು ತಿಂಗಳ ನೋಟಿಸ್ ಕೊಟ್ಟು ಹೋದರೂ ದುಡ್ಡು ಕೊಡಬೇಕಾಗಬಹುದು. ಬಾಂಡ್ ಇಲ್ಲದವರು ರಾತ್ರೋರಾತ್ರಿ ಬಿಟ್ಟರೂ ಬಾಂಡ್ ಮೊತ್ತದ ಮಾತೇ ಬರುವುದಿಲ್ಲ.

ವಿಜಯಾ ಬ್ಯಾಂಕ್ ಪ್ರಕರಣ ಬಾಂಡ್‌ನದು. ಬ್ಯಾಂಕು 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಕರೆದಾಗಲೇ ಮೂರು ವರ್ಷದ ಷರತ್ತು ಹಾಕಿತ್ತು. ಒಬ್ಬ ಅಧಿಕಾರಿ 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಸೇರಿ, 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋದರು. ಒಪ್ಪಿಗೆ ಇಲ್ಲ ಎಂದು ದಾಖಲಿಸಿಯೇ 2 ಲಕ್ಷ ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು.

ಅಲ್ಲಿ ನಡೆದ ವಾದ ನಮ್ಮ ವಿಷಯಕ್ಕೆ ಮುಖ್ಯ. ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರನ್ನೇ ಆಗಲಿ ಅವರ ವೃತ್ತಿ ಮಾಡದಂತೆ ತಡೆಯುವ ಕರಾರು ನಡೆಯುವುದಿಲ್ಲ. 2 ಲಕ್ಷದ ಷರತ್ತು ಹಾಗೆ ತಡೆದಂತೆ ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಕೋರ್ಟು ಇಲ್ಲ ಎಂದಿತು. ಷರತ್ತು ಇರುವುದು ಕೆಲಸದಲ್ಲಿರುವ ಅವಧಿಗೆ. ಬಿಟ್ಟುಹೋಗಿ ಬೇರೆ ಕಡೆ ಸೇರುವುದನ್ನು ಅದು ತಡೆದಿಲ್ಲ. ಸಾರ್ವಜನಿಕ ಬ್ಯಾಂಕು ಮತ್ತೊಮ್ಮೆ ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆ ನಡೆಸಿ ಜನರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚಾಗುತ್ತದೆ. ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ಅತಿಯಾದದ್ದೂ ಅಲ್ಲ.

ಹೀಗಾಗಿ ತರಬೇತಿಯನ್ನೇ ಕೊಡದ ಖಾಸಗಿ ಕಂಪನಿಯೊಂದು ಈ ತೀರ್ಪು ತೋರಿಸಿ ಹೊಸಬರಿಂದ ಐದು ಲಕ್ಷ ಕೇಳಿದರೆ ಅದು ಹಾಗೇ ನಿಲ್ಲುತ್ತದೆ ಎನ್ನಲಾಗದು. ಅದರ ಖರ್ಚು ಬೇರೆ, ಹುದ್ದೆ ಬೇರೆ, ಸಂಬಳ ಬೇರೆ.

ಇಲ್ಲಿ ಹಿಡಿದುಕೊಳ್ಳಬೇಕಾದ ಎಳೆ ಒಂದೇ: ಮುಂದಿನ ಕೆಲಸಕ್ಕೆ ಅಡ್ಡಿಯಾಗದಿರುವುದರಿಂದಲೇ ಷರತ್ತು ಉಳಿಯಿತು. ಆದರೆ ಯಾವ ಷರತ್ತೂ ಬರೆದಿರದ ಕಡೆಯೂ ಮುಂದಿನ ಕೆಲಸಕ್ಕೆ ಅಡ್ಡಿಯಾಗುವ ಒಂದು ಕಾಗದವಿದೆ. ಅದಕ್ಕೆ ಆಮೇಲೆ ಬರೋಣ.

## 90 ದಿನ ಎಲ್ಲಿ ಬರೆದಿದೆ?

ನಿಮ್ಮ ಆಫರ್ ಲೆಟರ್‌ನಲ್ಲಿ. ಇಡೀ ದೇಶದ ಖಾಸಗಿ ನೌಕರರಿಗೆ 90 ದಿನ ಎಂದು ಹೇಳುವ ಕಾನೂನಿಲ್ಲ. ಇರುವ ನಿಯಮಗಳು ಚೂರುಪಾರು. ದೆಹಲಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ಮೂರು ತಿಂಗಳು ಕೆಲಸ ಮಾಡಿದ ನೌಕರ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕಟ್ಟಿ ಹೋಗಬಹುದು ಎನ್ನುತ್ತದೆ. ಕರ್ನಾಟಕದ 1961ರ ಕಾಯ್ದೆಯ 39ನೇ ಸೆಕ್ಷನ್ ಒಂದು ತಿಂಗಳ ನೋಟಿಸ್ ಮಾತಾಡುವುದು ಮಾಲೀಕನಿಗೆ: ಆರು ತಿಂಗಳು ದುಡಿದವರನ್ನು ತೆಗೆಯುವಾಗ ಸರಿಯಾದ ಕಾರಣವೂ ಬೇಕು, ನೋಟಿಸೋ ಅದರ ಬದಲಿನ ಸಂಬಳವೋ ಬೇಕು.

ಹೊರಗಿನ ಲೆಕ್ಕ ನೋಡಿದರೆ ನಮ್ಮ 90 ದಿನ ಎಷ್ಟು ಉದ್ದ ಅಂತ ತಿಳಿಯುತ್ತದೆ. ಬ್ರಿಟನ್‌ನಲ್ಲಿ ಒಂದು ತಿಂಗಳು ಕೆಲಸ ಮಾಡಿದ ನೌಕರ ಕಾನೂನಿನ ಪ್ರಕಾರ ಕೊಡಬೇಕಾದ ಕನಿಷ್ಠ ನೋಟಿಸ್ ಒಂದು ವಾರ. ಜಪಾನಿನಲ್ಲಿ ಕಾಯಂ ನೌಕರರಿಗೆ ಎರಡು ವಾರ. ಜರ್ಮನಿಯಲ್ಲಿ ನಾಲ್ಕು ವಾರ. ಕರಾರಿನಲ್ಲಿ ಇದಕ್ಕಿಂತ ಜಾಸ್ತಿ ಬರೆದುಕೊಳ್ಳಬಹುದು, ನಿಜ. ಆದರೂ ಶುರುವಾಗುವ ಗೆರೆ ಅಲ್ಲಿದೆ.

ಉದ್ದದ ನೋಟಿಸಿಗೂ ಹೇಳದೆ ಹೋಗುವುದಕ್ಕೂ ನೇರ ನಂಟಿದೆ. ಹೊಸ ಕಂಪನಿ '30 ದಿನದಲ್ಲಿ ಬನ್ನಿ' ಅನ್ನುತ್ತದೆ. ಹಳೆಯದು 90 ದಿನ ಬಿಡುವುದಿಲ್ಲ ಅನ್ನುತ್ತದೆ. ದುಡ್ಡು ಕಟ್ಟಿ ಬೇಗ ಹೋಗುವ ಬೈಔಟ್ ದಾರಿ ಇದೆಯಲ್ಲ ಎಂದರೆ, ಆ ಸಾಲಿನ ಕೊನೆಗೆ 'ಆಡಳಿತ ಮಂಡಳಿ ಒಪ್ಪಿದರೆ' ಎಂದಿರುತ್ತದೆ. ಎರಡರ ನಡುವೆ ಸಿಕ್ಕವರಲ್ಲಿ ಒಂದಷ್ಟು ಜನ ಒಂದು ಸೋಮವಾರ ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಒಂದು ತಿಂಗಳ ನೋಟಿಸ್ ಇದ್ದಿದ್ದರೆ ಇವರಲ್ಲಿ ಬಹಳ ಮಂದಿ ಹೇಳಿಯೇ ಹೋಗುತ್ತಿದ್ದರು.

## ಕೈಯಿಂದ ಎಷ್ಟು ಹೋಗುತ್ತದೆ

ತಿಂಗಳ ಒಟ್ಟು ಸಂಬಳ 60,000 ರೂಪಾಯಿ, ಅದರಲ್ಲಿ ಬೇಸಿಕ್ 30,000 ಅಂದುಕೊಳ್ಳಿ. ನೋಟಿಸ್ 90 ದಿನ. ಒಂದು ದಿನವೂ ಮಾಡದೆ ಬಿಟ್ಟರೆ, ಕರಾರಿನಲ್ಲಿ 'ಬೇಸಿಕ್' ಎಂದಿದ್ದರೆ 90,000, 'ಒಟ್ಟು ಸಂಬಳ' ಎಂದಿದ್ದರೆ 1,80,000. ಒಂದು ಪದಕ್ಕೆ ದುಪ್ಪಟ್ಟು. ಸಹಿ ಹಾಕುವಾಗ ಈ ಸಾಲನ್ನು ಓದುವವರು ಎಷ್ಟು ಜನ?

ಇಡೀ ಮೊತ್ತವನ್ನು ಕೊನೆಯ ಸಂಬಳದಲ್ಲೇ ಮುರಿದುಕೊಳ್ಳಲು ಆಗದು. ಒಂದು ಸಂಬಳದ ಅವಧಿಯಲ್ಲಿ ಒಟ್ಟು ಕಡಿತ ಸಂಬಳದ ಅರ್ಧ ಮೀರಬಾರದು ಎನ್ನುತ್ತದೆ ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆ. ಅದರಲ್ಲೇ ಇನ್ನೊಂದು ಕುತೂಹಲದ ನಿಯಮವಿದೆ. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಕೊಡದೆ, ಸರಿಯಾದ ಕಾರಣವಿಲ್ಲದೆ ಗೈರಾದರೆ, ಕರಾರಿನಲ್ಲಿ ಹಾಗೆಂದು ಇದ್ದ ಪಕ್ಷದಲ್ಲಿ, ನೋಟಿಸಿನ ಬದಲಿಗೆ 8 ದಿನದವರೆಗಿನ ಸಂಬಳ ಹಿಡಿಯಬಹುದು. ಇದು ಗುಂಪಾಗಿ ಗೈರಾಗುವವರಿಗಾಗಿ ಹಳೆಯ ವೇತನ ಕಾಯ್ದೆಯಿಂದಲೇ ಬಂದದ್ದು.

ಪಿಎಫ್ ಮುಟ್ಟುವ ಹಾಗಿಲ್ಲ. ಅದು ನೌಕರರದು. ಕಂಪನಿ ಬೇಕೆಂದೇ ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೌಕರರೇ ಅದನ್ನು ನಮೂದಿಸಬಹುದು. ಐದು ವರ್ಷ ತುಂಬಿಸಿದವರ ಗ್ರಾಚ್ಯುಟಿಯೂ ನೋಟಿಸ್ ಕೊಡದ ಕಾರಣಕ್ಕೆ ಹೋಗುವುದಿಲ್ಲ. ಆಸ್ತಿಗೆ ನಷ್ಟ, ಹಿಂಸೆ, ನೈತಿಕ ಅಧಃಪತನದ ಅಪರಾಧದಂಥ ಕಾರಣಕ್ಕೆ ಕೆಲಸದಿಂದ ತೆಗೆದಾಗ ಮಾತ್ರ ಅದನ್ನು ಮುಟ್ಟುಗೋಲು ಹಾಕಬಹುದು. ನೋಟಿಸ್ ಬದಲಿಗೆ ಕಟ್ಟುವ ಹಣದ ಮೇಲೆ ಜಿಎಸ್‌ಟಿ ಬೀಳುತ್ತದೆಯೇ ಎಂಬ ಗೊಂದಲವೂ ಇತ್ತು. ಬೀಳುವುದಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂತು.

ಒಟ್ಟಿನಲ್ಲಿ ಇದು ಲೆಕ್ಕಕ್ಕೆ ಸಿಗುವ, ಒಂದು ದಿನ ಮುಗಿಯುವ ನಷ್ಟ.

## ಮುಂದಿನ ಕಂಪನಿಯ ಮೇಜಿನ ಮೇಲೆ

ಮುಗಿಯದ ನಷ್ಟ ಇಲ್ಲಿದೆ. ಹೊಸ ಕಂಪನಿ ಸೇರಿಸಿಕೊಳ್ಳುವಾಗ ಹಳೆಯ ಕಂಪನಿಯ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೇಳುತ್ತದೆ. ಆಮೇಲೆ ಹಿನ್ನೆಲೆ ಪರಿಶೀಲನೆಗೆ ಒಂದು ಏಜೆನ್ಸಿಗೆ ಕೊಡುತ್ತದೆ. ಏಜೆನ್ಸಿ ಹಳೆಯ ಎಚ್‌ಆರ್‌ಗೆ ಒಂದು ಫಾರಂ ಕಳಿಸುತ್ತದೆ. ಅದರಲ್ಲಿ ಇರುವುದು ಏಳೆಂಟು ಸಾಲು: ಸೇರಿದ ದಿನ, ಕೊನೆಯ ದಿನ, ಹುದ್ದೆ, ಕೊನೆಯ ಸಂಬಳ, ಬಿಟ್ಟ ಕಾರಣ, ಬಿಡುವಾಗಿನ ವಿಧಿಗಳೆಲ್ಲ ಮುಗಿದಿವೆಯೇ, ನಡತೆಯ ಬಗ್ಗೆ ದೂರಿತ್ತೇ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ.

ಆರು ವರ್ಷದ ದುಡಿಮೆ ಈ ಏಳೆಂಟು ಸಾಲಿಗೆ ಇಳಿಯುತ್ತದೆ. ತುಂಬುವವರು ಎಚ್‌ಆರ್ ವಿಭಾಗದ ಯಾರೋ ಒಬ್ಬರು. ಅವರ ಮುಂದಿರುವುದು ನೌಕರ ಅಲ್ಲ, ಕಂಪ್ಯೂಟರಿನ ಒಂದು ದಾಖಲೆ. ಅಲ್ಲಿ 'ರಾಜೀನಾಮೆ' ಎಂದಿದ್ದರೆ ಅದನ್ನು, 'ಅಬ್‌ಸ್ಕಾಂಡಿಂಗ್' ಎಂದಿದ್ದರೆ ಅದನ್ನು ಬರೆದು ಕಳಿಸುತ್ತಾರೆ. ವರದಿಗೆ ಹಸಿರು, ಹಳದಿ, ಕೆಂಪು ಬಣ್ಣ ಬೀಳುತ್ತದೆ. ಕೆಂಪು ಬಿದ್ದರೆ ಕೆಲಸ ಕೊಡುವ ಮ್ಯಾನೇಜರ್‌ಗೆ ಇಷ್ಟವಿದ್ದರೂ ಎಚ್‌ಆರ್ ಒಪ್ಪುವುದು ಕಷ್ಟ. ಕೆಲವು ಕಡೆ ಸೇರಿ ಎರಡು ತಿಂಗಳಾದ ಮೇಲೆ ವರದಿ ಬರುತ್ತದೆ, ಆಗ ಕೈಯಲ್ಲಿದ್ದ ಕೆಲಸವೇ ಹೋಗುತ್ತದೆ.

ರಿಲೀವಿಂಗ್ ಲೆಟರ್ ಕೊಡಲೇಬೇಕೇ? ಕಾರ್ಖಾನೆಗಳ ಹಳೆಯ ಮಾದರಿ ಸ್ಥಾಯಿ ಆದೇಶಗಳಲ್ಲಿ (ಕೆಲಸದ ಷರತ್ತು ಹೇಳುವ ನಿಯಮಗಳಲ್ಲಿ) ಕಾಯಂ ಕಾರ್ಮಿಕರಿಗೆ ಸೇವಾ ಪ್ರಮಾಣಪತ್ರದ ಹಕ್ಕಿದೆ. ಆದರೆ ಅದು 'ಇವರು ಇಂತಿಷ್ಟು ಕಾಲ ಇಲ್ಲಿ ದುಡಿದರು' ಎನ್ನುವ ಪತ್ರ. 'ನಮಗೂ ಇವರಿಗೂ ಬಾಕಿ ಏನಿಲ್ಲ, ಸಂತೋಷದಿಂದ ಕಳಿಸಿಕೊಟ್ಟಿದ್ದೇವೆ' ಎನ್ನುವ ರಿಲೀವಿಂಗ್ ಲೆಟರ್ ಹೆಚ್ಚಾಗಿ ಕಂಪನಿಗಳು ತಾವೇ ಬೆಳೆಸಿಕೊಂಡ ಪದ್ಧತಿ. ಹಳೆಯ ಕಂಪನಿ ಅದನ್ನು ತಡೆಹಿಡಿಯುತ್ತದೆ, ಹೊಸ ಕಂಪನಿ ಅದಿಲ್ಲದೆ ಬಾಗಿಲು ತೆಗೆಯುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ 27ನೇ ಸೆಕ್ಷನ್ ಒಪ್ಪದ ಅಡ್ಡಿ, ಬರೆಯದೆಯೇ ನಡೆಯುತ್ತಿದೆ.

ಒಂದು ಮಾತು ಸ್ಪಷ್ಟ ಮಾಡಬೇಕು. ದೇಶಕ್ಕೆಲ್ಲ ಒಂದೇ 'ಕಪ್ಪುಪಟ್ಟಿ' ಎಂಬುದು ಇಲ್ಲ. ಹಾಗೆಂದು ಹೆದರಿಸುವ ಮೇಲ್ ಬಂದರೆ ನಂಬಬೇಕಾಗಿಲ್ಲ. ಇರುವುದು ಆಯಾ ಕಂಪನಿಯ ಒಳಗಿನ 'ಮತ್ತೆ ತೆಗೆದುಕೊಳ್ಳಬೇಡಿ' ಗುರುತು. ಅದು ಆ ಕಂಪನಿಯ ಮಟ್ಟಿಗೆ ಹತ್ತು ವರ್ಷವಾದರೂ ಅಳಿಯದೆ ಇರಬಹುದು.

## ರೆಸ್ಯೂಮೆಯಿಂದ ತೆಗೆದರೆ ಆಯ್ತು, ಅಲ್ವಾ?

ಮೊದಲೆಲ್ಲ ಆಗುತ್ತಿತ್ತು. 2014ರಲ್ಲಿ ಯುಎಎನ್ ಬಂದ ಮೇಲೆ ಕಷ್ಟ. ಕಂಪನಿ ಬದಲಾದರೂ ಪಿಎಫ್‌ನ ಆ ಸಂಖ್ಯೆ ಬದಲಾಗದು. ಅದರ ಸೇವಾ ವಿವರದಲ್ಲಿ ಪಿಎಫ್ ಕಟ್ಟಿದ ಪ್ರತಿ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಸಾಲಾಗಿ ಕೂತಿರುತ್ತವೆ. ತೆರಿಗೆ ಕಡಿತವಾಗಿದ್ದರೆ ಅದರ ಪಟ್ಟಿಯಾದ 26ಎಎಸ್‌ನಲ್ಲೂ ಆ ಕಂಪನಿಯ ಹೆಸರು ಇರುತ್ತದೆ. ಪರಿಶೀಲನೆಯವರು ಮೊದಲು ಕೇಳುವುದು ಇವನ್ನೇ.

ಇಲ್ಲಿ ಕಾರಣ-ಪರಿಣಾಮ ತಿರುವು ಪಡೆಯುತ್ತದೆ. ನೋಟಿಸ್ ಕೊಡದೆ ಬಿಟ್ಟದ್ದನ್ನು ಹೊಸ ಕಂಪನಿ ಕೆಲವೊಮ್ಮೆ ಮಾಫಿ ಮಾಡುತ್ತದೆ. ಮುಚ್ಚಿಟ್ಟದ್ದನ್ನು ಮಾಡುವುದು ಅಪರೂಪ. ಮೊದಲನೆಯದು ಹಳೆಯ ಕಂಪನಿಯ ಜೊತೆಗಿನ ಜಗಳ, ಎರಡನೆಯದು ಹೊಸ ಕಂಪನಿಗೇ ಹೇಳಿದ ಸುಳ್ಳು. ಮೂರು ತಿಂಗಳಷ್ಟೇ ಮಾಡಿದ ಕೆಲಸವನ್ನು ಮುಚ್ಚಿಡಲು ಹೋಗಿ ಐದು ವರ್ಷದ ಅನುಭವಕ್ಕೂ ಅನುಮಾನ ತಗುಲಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ.

## ಎರಡೂ ಕಡೆಯ ಮಾತು

ಕಂಪನಿಗಳ ವಾದ ಪೊಳ್ಳಲ್ಲ. 2023ರ ಸೆಪ್ಟೆಂಬರಿನಲ್ಲಿ ವಿಮಾನ ಕಂಪನಿ ಆಕಾಶ ಏರ್ ಕೋರ್ಟಿನಲ್ಲಿ ಹೇಳಿಕೊಂಡದ್ದು ನೆನಪಿರಬಹುದು: 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೋಗಿದ್ದಾರೆ, ಹಾರಾಟ ರದ್ದು ಮಾಡಬೇಕಾಗಿ ಬಂದಿದೆ. ಪೈಲಟ್‌ಗಳ ನೋಟಿಸ್ ಬರೀ ಕರಾರಿನದಲ್ಲ. ಕಮಾಂಡರ್‌ಗಳಿಗೆ ಒಂದು ವರ್ಷ, ಸಹ-ಪೈಲಟ್‌ಗಳಿಗೆ ಆರು ತಿಂಗಳು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲೇ ನಿಯಮ ಮಾಡಿತ್ತು. ವಿಮಾನ ಓಡಿಸುವವರನ್ನು ವಾರದಲ್ಲಿ ಹುಡುಕಿ ಕೂರಿಸಲಾಗದು. ಪಾಳಿಯ ನರ್ಸ್ ಬಾರದಿದ್ದರೆ ಇನ್ನೊಬ್ಬರು ಹದಿನಾರು ಗಂಟೆ ನಿಲ್ಲಬೇಕು. ಹೇಳದೆ ಹೋದವರ ಕೆಲಸ ಹೆಚ್ಚಾಗಿ ಬೀಳುವುದು ಪಕ್ಕದ ಕುರ್ಚಿಯವರ ಮೇಲೆ, ಮಾಲೀಕರ ಮೇಲಲ್ಲ.

ನೌಕರರ ವಾದವೂ ಗಟ್ಟಿ. ಬೇಡವಾದಾಗ ಕಂಪನಿ ಅದೇ ಮಧ್ಯಾಹ್ನ ಲಾಗಿನ್ ಮುಚ್ಚಿ, ನೋಟಿಸ್ ಬದಲು ಸಂಬಳ ಕೊಟ್ಟು ಕಳಿಸುತ್ತದೆ. ಕಂಪನಿ ದುಡ್ಡು ಕೊಟ್ಟು ಕೈತೊಳೆಯಬಹುದಾದರೆ ನೌಕರರೂ ದುಡ್ಡು ಕಟ್ಟಿ ಹೋಗಲು ಯಾಕೆ ಬಿಡಬಾರದು? ಈ ಅಸಮಾನತೆ ಕೋರ್ಟಿಗೆ ಹೊಸದಲ್ಲ. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ, ಮೂರು ತಿಂಗಳ ನೋಟಿಸ್ ಕೊಟ್ಟು ಕಾಯಂ ನೌಕರರನ್ನು ಕಾರಣ ಹೇಳದೆ ತೆಗೆಯುವ ಸರ್ಕಾರಿ ನಿಗಮದ ನಿಯಮವನ್ನೇ ಸುಪ್ರೀಂ ಕೋರ್ಟ್ ಹೊಡೆದುಹಾಕಿತ್ತು. ಚುಕ್ಕೆ ಗೆರೆಯ ಮೇಲೆ ಸಹಿ ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲದವರ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಅಲ್ಲಿತ್ತು. ದುಡ್ಡು ಕಟ್ಟಿ ಹೋಗುವ ದಾರಿ ಎರಡೂ ಕಡೆಗೆ ತೆರೆದಿರಬೇಕು ಎನ್ನುವುದೇ ನ್ಯಾಯ. ಪೈಲಟ್, ಐಸಿಯು ಸಿಬ್ಬಂದಿಯಂಥವರಿಗೆ ವಿನಾಯಿತಿ ಇರಲಿ. ಬಿಲ್ಲಿಂಗ್ ವಿಭಾಗದ ಗುಮಾಸ್ತರಿಗೆ ಮೂರು ತಿಂಗಳು ಯಾಕೆ?

ಮೊದಲು ಕರಾರು ಮುರಿದವರು ಯಾರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳಿಂದ ಸಂಬಳವಿಲ್ಲ, ಜೀವಕ್ಕೆ ಅಪಾಯವಿದೆ, ಕಿರುಕುಳದ ದೂರಿಗೆ ಉತ್ತರವಿಲ್ಲ ಎಂದಾದರೆ ನೋಟಿಸ್ ಹಣ ಕೇಳುವ ಕಂಪನಿಯ ನೆಲೆಯೇ ಸಡಿಲವಾಗುತ್ತದೆ. ಆದರೆ ಅದನ್ನು ತೋರಿಸಲು ಬಿಡುವ ಮೊದಲೇ ಬರೆದ ದೂರು, ಮೇಲ್ ಇರಬೇಕು. ಬಿಟ್ಟ ಮೇಲೆ ಹೇಳುವ ಕಾರಣ ನೆಪದಂತೆ ಕೇಳಿಸುತ್ತದೆ.

ಸರ್ಕಾರಿ ನೌಕರಿಯ ದಾರಿಯೇ ಬೇರೆ. ಅಲ್ಲಿ ರಾಜೀನಾಮೆ ಒಪ್ಪಿಗೆಯಾದ ಮೇಲೆಯೇ ಬಿಡುಗಡೆ. ಇಲಾಖೆಯ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋದರೆ ಹಳೆಯ ಸೇವೆ ಪಿಂಚಣಿಗೆ ಸೇರಬಹುದು, ಬರೀ ಬಿಟ್ಟುಹೋದರೆ ಅದು ಕೈತಪ್ಪುತ್ತದೆ.

## ಒಂದು ಸಾಲಿನ ಮೇಲ್

ನೋಟಿಸ್ ಮಾಡದೆ ರಾಜೀನಾಮೆ ಕೊಡುವುದೂ ಏನೂ ಹೇಳದೆ ಮಾಯವಾಗುವುದೂ ಒಂದೇ ಅಲ್ಲ. ಹೊಸ ಸಂಹಿತೆಗಳು ಬಂದ ಮೇಲೆ ಈ ವ್ಯತ್ಯಾಸ ದೊಡ್ಡದಾಗಿದೆ.

ಹಳೆಯ ವೇತನ ಕಾಯ್ದೆಯಲ್ಲಿ ಎರಡು ದಿನದ ಗಡುವು ಇದ್ದದ್ದು ಮಾಲೀಕ ತೆಗೆದುಹಾಕಿದಾಗ. ತಿಂಗಳಿಗೆ 24,000 ರೂಪಾಯಿ ಮೀರಿದವರು ಆ ಕಾಯ್ದೆಯೊಳಗೇ ಬರುತ್ತಿರಲಿಲ್ಲ. ವೇತನ ಸಂಹಿತೆ ಆ ಮಿತಿ ತೆಗೆದು, 'ರಾಜೀನಾಮೆ ಕೊಟ್ಟವರು' ಎಂಬುದನ್ನೂ ಸೇರಿಸಿದೆ. ಹಾಗಾಗಿ ಗಡಿಯಾರ ಓಡಲು ರಾಜೀನಾಮೆ ಎಂಬುದೊಂದು ಇರಬೇಕು. ಸುಮ್ನೆ ಹೋಗುವುದನ್ನು ನಿಲ್ಲಿಸಿದವರು ರಾಜೀನಾಮೆ ಕೊಟ್ಟವರಲ್ಲ, ಗೈರಾದವರು. ಕಂಪನಿಯೂ ಅವರ ಹೆಸರು ತಕ್ಷಣ ಹೊಡೆಯಲಾಗದು. ಎಂಟು ದಿನಕ್ಕಿಂತ ಹೆಚ್ಚು ಗೈರಾದ ಕಾರ್ಮಿಕನೊಬ್ಬನ ಹೆಸರನ್ನು ವಿಚಾರಣೆ ಇಲ್ಲದೆ ತೆಗೆದದ್ದು ತಪ್ಪು ಎಂದು 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ವಿಳಾಸಕ್ಕೆ ಒಂದರ ಮೇಲೊಂದು 'ಕೆಲಸಕ್ಕೆ ಹಾಜರಾಗಿ' ಪತ್ರ ಬರುವುದು ಇದಕ್ಕೇ. ಆ ಪತ್ರಗಳಿಗೆ ಉತ್ತರ ಕೊಡದಿದ್ದರೆ ದಾಖಲೆಯಲ್ಲಿ ಬೀಳುವುದು ರಾಜೀನಾಮೆಯಲ್ಲ, ವಜಾ.

ಈಗಾಗಲೇ ಹಾಗೆ ಬಿಟ್ಟವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ದಿನಾಂಕ ಹಾಕಿ ಕಾರಣ ಬರೆದು ರಾಜೀನಾಮೆ ಕಳಿಸಿ, ಲ್ಯಾಪ್‌ಟಾಪ್, ಗುರುತಿನ ಚೀಟಿ ಹಿಂತಿರುಗಿಸಿ, ನೋಟಿಸ್ ಬಾಕಿ ಎಷ್ಟು ಎಂದು ಕೇಳಿದರೆ ಹಲವು ಕಂಪನಿಗಳು ಹಣ ಕಟ್ಟಿಸಿಕೊಂಡು ಕಡತ ಮುಚ್ಚುತ್ತವೆ, 'ಅಬ್‌ಸ್ಕಾಂಡಿಂಗ್' ಇದ್ದಲ್ಲಿ 'ರಾಜೀನಾಮೆ' ಎಂದು ತಿದ್ದುತ್ತವೆ. ಅದೂ ಆಗದಿದ್ದರೆ ಆಫರ್ ಲೆಟರ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ರಾಜೀನಾಮೆ ಮೇಲ್ ಇಷ್ಟನ್ನು ಹೊಸ ಎಚ್‌ಆರ್ ಮುಂದಿಟ್ಟು, ಪರಿಶೀಲನೆಗೆ ಮೊದಲೇ ನಡೆದದ್ದು ಹೇಳುವುದು ಉಳಿದಿರುವ ದಾರಿ. ಸಣ್ಣ ಕಂಪನಿಗಳು ಇಷ್ಟನ್ನು ಒಪ್ಪುವುದುಂಟು. ದೊಡ್ಡವು, ಬ್ಯಾಂಕುಗಳು ಒಪ್ಪುವುದು ಕಡಿಮೆ.

ಇನ್ನು ಮುಂದೆ ಕಂಪನಿಗಳು ಎರಡು ದಿನದಲ್ಲಿ ಲೆಕ್ಕ ಮುಗಿಸಬೇಕಾದ್ದರಿಂದ ನೋಟಿಸ್ ಹಣದ ಷರತ್ತನ್ನು ಮೊದಲಿಗಿಂತ ಬಿಗಿಯಾಗಿ ಬರೆಯುವ ಸಾಧ್ಯತೆ ಜಾಸ್ತಿ. ಮೇ ತಿಂಗಳ ತೀರ್ಪಿನ ಧೈರ್ಯದಲ್ಲಿ ಬಾಂಡ್‌ಗಳೂ ಹೆಚ್ಚಬಹುದು. ಸೇರುವಾಗ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂದೂ ಹೊಸ ಸಂಹಿತೆಗಳಲ್ಲಿ ಇದೆ. ಆದರೆ ವೇತನ ಸಂಹಿತೆಯ ಆ ಎರಡು ದಿನ ರಿಲೀವಿಂಗ್ ಲೆಟರ್‌ಗೆ ಅನ್ವಯಿಸುವುದಿಲ್ಲ. ಸೋಮವಾರ ರಾಜೀನಾಮೆ ಕೊಟ್ಟು ಅವತ್ತೇ ಬಿಟ್ಟವರ ಬಾಕಿ ಸಂಬಳ ಬುಧವಾರ ಖಾತೆಗೆ ಬರಬೇಕು. ಹೊಸ ಕಂಪನಿ ಕೇಳುವ ಆ ಒಂದು ಹಾಳೆ ಮಾತ್ರ ಹಳೆಯ ಎಚ್‌ಆರ್ ಹತ್ತಿರವೇ ಇರುತ್ತದೆ.